ಬಾಗಿಲಲ್ಲಿ ನಿಂತ ಮೊಳಕೋಲು

"ಗುರುಗಳೇ, ಹೊಸ ಯಂತ್ರದಲ್ಲಿ ನಮ್ಮ ಪ್ರೋಗ್ರಾಂ ಬಿಲ್ಡ್ ಆಗಿ ಸಿದ್ಧವಾಗುತ್ತಿಲ್ಲ. ಒಂದೇ ಒಂದು ಸಾಲು ಅಡ್ಡಗಾಲು ಹಾಕಿದೆ," ಎಂದ ಮಾಲತೇಶ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪ್ರೋಗ್ರಾಂ ಬರೆಯುವುದನ್ನು ಅವನು ಗುರುವಿನ ಬಳಿ ಕಲಿಯುತ್ತಿದ್ದ. "ಒಂದೊಂದು ಫೈಲಿನ ವಿವರಕ್ಕೂ ಇಷ್ಟೇ ಜಾಗ ಎಂದು ಅಳೆದು ನೋಡುವ ಸಾಲು ಅದು. ಹೊಸ ಯಂತ್ರ ತಾನಾಗಿಯೇ ಸೇರಿಸಿ ನಾಲ್ಕು ಬೈಟ್ ಹೆಚ್ಚಾಗಿದೆಯಂತೆ. ವಿವರವೆಲ್ಲ ಸರಿಯಾಗಿಯೇ ಇದೆ. ಆ ಸಾಲನ್ನು ಅಳಿಸಿದರೆ ಏನು ನಷ್ಟ?"

"ಅಳಿಸೋಕೆ ಕೈ ತುರಿಸ್ತಿದೆಯಾ? ಮೊದಲು ಇದನ್ನು ಕೇಳು," ಎಂದು ಗುರು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಔಷಧಿ ಮಾರುತ್ತಿದ್ದ. ಬೆಳಕು ತಾಗಿದರೆ ಪುಡಿ ಕೆಡುತ್ತದೆಂದು ಅವನ ಉಗ್ರಾಣದಲ್ಲಿ ದೀಪ ಹಚ್ಚುವಂತಿರಲಿಲ್ಲ. ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಸಾಲಾಗಿ ಇಟ್ಟಿದ್ದರು. ಒಂದು ಪೆಟ್ಟಿಗೆ ಅಂದರೆ ಒಂದು ಮೊಳ. ಆಳುಗಳು ಗೋಡೆಯಿಂದ ಮೊಳ ಹಾಕುತ್ತ ಹೋಗಿ ಬೇಕಾದಲ್ಲಿ ಕೈಯಿಡುತ್ತಿದ್ದರು. ಇಲಿ ಪಾಷಾಣ ಮುಗಿದ ಕಡೆ ಜ್ವರದ ಪುಡಿ. ಎರಡೂ ಬಿಳಿ. ಪಾಷಾಣ ಅಲ್ಲಿ ಯಾಕಿತ್ತು ಅಂತ ಕೇಳಬೇಡ, ಅವನು ಅದನ್ನೂ ಮಾರುತ್ತಿದ್ದ.

ಪೆಟ್ಟಿಗೆಗಳು ಹಳತಾದವು. ವ್ಯಾಪಾರಿ ಬೇರೆ ಊರಿನ ಬಡಗಿಯಿಂದ ಹೊಸವನ್ನು ಮಾಡಿಸಿದ. ಆ ಊರಿನ ಬಡಗಿಗಳು ಗಟ್ಟಿಯಾಗಿರಲೆಂದು ಅಂಚಿಗೊಂದು ಪಟ್ಟಿ ಹೊಡೆಯುತ್ತಾರೆ. ಯಾರೂ ಹೇಳಬೇಕಿಲ್ಲ, ಅವರ ವಾಡಿಕೆ. ವ್ಯಾಪಾರಿಯ ಅಕ್ಕ ಬಾಗಿಲಲ್ಲೇ ಮೊಳಕೋಲು ಇಟ್ಟು ನೋಡಿದಳು. ಒಂದು ಬೆರಳು ಹೆಚ್ಚು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಊರಿಗೆ ಊರೇ ಜ್ವರ ಬಂದು ಮಲಗಿದೆ. ಒಂದು ಬೆರಳಿಗೆ ಇಷ್ಟು ಹಟವೇನಕ್ಕಾ?" ಎಂದ ವ್ಯಾಪಾರಿ.

"ಪೆಟ್ಟಿಗೆಗೆ ಒಂದು ಬೆರಳು ಕಣೋ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಎಷ್ಟಾಯಿತು? ಜ್ವರದ ಪುಡಿಯೆಂದು ಕೈಹಾಕಿದವನಿಗೆ ಪಾಷಾಣ ಸಿಗುತ್ತೆ. ಬೈಯುವವರು ಬೈಯಲಿ. ನನ್ನನ್ನು ದಾಟಿ ಒಂದು ಪೆಟ್ಟಿಗೆಯೂ ಒಳಗೆ ಹೋಗಲ್ಲ."

ಊರವರು ಬಂದು ಕೂಗಾಡಿದರು. ತಮ್ಮ ಅವಳೊಡನೆ ಮಾತು ಬಿಟ್ಟ. ಅವಳು ಜಗ್ಗಲಿಲ್ಲ. ಬಡಗಿ ಗೊಣಗುತ್ತ ಪಟ್ಟಿಗಳನ್ನೆಲ್ಲ ಕಿತ್ತ; ಅವಳು ಮತ್ತೆ ಅಳೆದ ಮೇಲೆಯೇ ಬೀಗ ತೆರೆಯಿತು. ಆಮೇಲೂ ಯಾರೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಯಾರೂ ಸತ್ತಿರಲಿಲ್ಲವಲ್ಲ, ಹೊಗಳುವುದಾದರೂ ಯಾತಕ್ಕೆ?

ಗುರು ಕತೆ ನಿಲ್ಲಿಸಿದರು. ಮಾಲತೇಶ ತಲೆ ಕೆರೆದುಕೊಂಡ. "ಅದೆಲ್ಲ ಸರಿ ಗುರುಗಳೇ. ಆದರೆ ಪ್ರೋಗ್ರಾಂ ನಾಳೆಯೇ ಕೊಡಬೇಕು, ಮನೆಯಲ್ಲಿ ಮಗಳು ಬೇರೆ ಕಾಯುತ್ತಿದ್ದಾಳೆ. ಇದೊಂದು ಸಲ ಅಳಿಸಿಬಿಡಲೇ?"

"ಅಳಿಸು," ಎಂದರು ಗುರು, "ಆ ಕತ್ತಲಲ್ಲಿ ತೆಗೆದ ಮೊದಲ ಪುಡಿಯನ್ನು ನಿನ್ನ ಮಗಳಿಗೇ ಕುಡಿಸು."