ಹಪ್ಪಳ ಕಾಯ್ದ ಪಂಚಾಕ್ಷರಿ

ಹೊಳೆಯ ಈ ದಡದಲ್ಲೊಂದು ಮಠ, ಆ ದಡದಲ್ಲೊಂದು ಮಠ. ಎರಡಕ್ಕೂ ಒಂದೇ ದೇವರು, ಒಂದೇ ಜಪ. ಜಗಳ ಮಾತ್ರ ಕಬಡ್ಡಿಯದ್ದು.

ವರ್ಷಕ್ಕೊಮ್ಮೆ ಮರಳ ಮೇಲೆ ಗೆರೆ ಎಳೆದು ಆಡುತ್ತಿದ್ದರು. ಆಟ ಮುಗಿದ ಮೇಲೆ ಊಟ. ಗೆದ್ದವರು ಉಣ್ಣಬೇಕು, ಸೋತವರು ಬಡಿಸಬೇಕು, ಸೋತ ತಂಡವನ್ನು ನಡೆಸಿದವನು ಪಾಯಸದ ಕೊಪ್ಪರಿಗೆ ತಿಕ್ಕಬೇಕು.

ಈ ದಡದ ತಂಡ ನಡೆಸುವವನು ಪಂಚಾಕ್ಷರಿ. ಕೊಪ್ಪರಿಗೆ ಎಲ್ಲಿ ತಗ್ಗಿದೆ, ಪಾಯಸ ಎಲ್ಲಿ ತಳ ಹಿಡಿಯುತ್ತೆ ಅಂತ ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಪಾಪ, ಅಷ್ಟು ಸಲ ತಿಕ್ಕಿದ್ದ. ಈ ಸಲವೂ ಸೋತರೆ ನಾಯಕತನ ಬಿಟ್ಟುಬಿಡು ಅಂತ ತಂಡದವರು ಮುಖಕ್ಕೇ ಹೇಳಿದ್ದರು. ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ಆ ದಡದ ತಂಡವನ್ನೂ ಅದರ ಹಿಡಿತವನ್ನೂ ಗೆರೆಯ ಹೊರಗೆ ಕೂತು ನಡೆಸುತ್ತಿದ್ದ ಮುದುಕ ನಿಜಗುಣಯ್ಯ ಕಾಶಿಗೆ ಹೊರಟುಹೋದನಂತೆ. ಆ ಮುದುಕ ಒಂದು ಸಲ ಕೆಮ್ಮಿದರೆ ಸಾಕಿತ್ತು, ನುಗ್ಗಿ ಬಂದವನನ್ನು ಅವನ ಹುಡುಗರು ಎತ್ತಿ ಕುಕ್ಕುತ್ತಿದ್ದರು. ಈಗ ಅವನ ಜಾಗದಲ್ಲಿ ಸಿದ್ಧವೀರ ಅನ್ನುವ ಹೊಸಬ.

ಪಂಚಾಕ್ಷರಿ ಎದ್ದುಬಿದ್ದು ಗುರುಗಳ ಹತ್ತಿರ ಓಡಿದ. ಗುರು ಹಾಲಯ್ಯನವರು ಅಂಗಳದಲ್ಲಿ ಕೂತು ಹಪ್ಪಳಕ್ಕೆ ಮೆಣಸಿನಕಾಯಿ ಆರಿಸುತ್ತಿದ್ದರು.

"ಬುದ್ಧೀ, ನಮ್ಮ ಪುಣ್ಯ! ಆ ಕಡೆ ಹಿಡಿತ ನಡೆಸೋನು ಹೊಸಬ."

"ಹೌದೇನಪ್ಪ?"

"ಪಟ್ಟುಗಳನ್ನೆಲ್ಲ ಯೋಚನೆ ಮಾಡಿಟ್ಟಿದ್ದೀನಿ. ಮೊದಲು ಎಡಕ್ಕೆ ನುಗ್ಗಿ ಬಲಕ್ಕೆ ಹಾರೋದು. ಆಮೇಲೆ ಹಿಂಗೆ ಗಿರ್ರನೆ ತಿರುಗಿ ಕಾಲು ಚಾಚೋದು..."

ಚಾಚಿಯೇ ತೋರಿಸಿದ. ಮೆಣಸಿನಕಾಯಿ ಮೊರ ಅಂಗಳದಾಚೆ ಹೋಗಿ ಬಿತ್ತು.

ಗುರುಗಳು ಸೀನಿದರು. ಇನ್ನೊಂದು ಸಲ ಸೀನಿದರು. "ಇಷ್ಟೆಲ್ಲ ಯಾತಕ್ಕೋ?"

"ಹೊಸಬ ಅಲ್ಲವಾ ಬುದ್ಧೀ, ತಬ್ಬಿಬ್ಬು ಮಾಡಬೇಕು."

"ಹೊಸಬ ಹೆಂಗಿರ್ತಾನೆ ಅಂತ ನೋಡಿದ್ದೀಯಾ?"

"ಇಲ್ಲ."

"ನಾಳೆ ತೋರಿಸ್ತೀನಿ. ಈಗ ಮೆಣಸಿನಕಾಯಿ ಆರಿಸು."

ಮರುದಿನ ಬೆಳಿಗ್ಗೆ ಹೊಳೆಯ ದಡದಲ್ಲಿ ಚಾಪೆ ಹಾಸಿ ಹಪ್ಪಳ ಹರವಿದ್ದರು. ಈ ದಡದ ಮಠದ ಹಪ್ಪಳ ಅಂದರೆ ಸುತ್ತಮುತ್ತ ಹೆಸರುವಾಸಿ. ಒಂದು ತಿಂದವರು ಒಂದು ಚೊಂಬು ನೀರು ಕುಡಿಯಬೇಕು, ಕುಡಿದು ಇನ್ನೊಂದು ಕೇಳಬೇಕು.

"ನಿನ್ನ ತಂಡ ಕಟ್ಟಿಕೊಂಡು ಇದನ್ನ ಕಾಯಿ," ಅಂದರು ಗುರುಗಳು. "ಊಟಕ್ಕೆ ಇದು ಬಿಟ್ಟರೆ ಬೇರೆ ಹಪ್ಪಳ ಇಲ್ಲ."

"ಹೊಸಬನನ್ನ ತೋರಿಸ್ತೀನಿ ಅಂದಿರಲ್ಲ ಬುದ್ಧೀ?"

"ಮೊದಲು ಕೋತಿ ಬರಲಿ."

ಕೋತಿ ಬಂತು. ದೊಡ್ಡ ಗಡವ. ನೀರಿನ ಕಡೆಯ ಬಂಡೆ ಮೇಲೆ ಕೂತು ಕಂಕುಳು ಕೆರೆದುಕೊಂಡಿತು.

"ನೀರಿನ ಕಡೆ ಹೋಗ್ರೋ!" ಪಂಚಾಕ್ಷರಿ ಕೂಗಿದ. ಹುಡುಗರು ಕೋಲು ಹಿಡಿದು ಅತ್ತ ಓಡಿದರು.

ಕೋತಿ ಆಕಳಿಸಿ, ಮರದ ಕಡೆ ಹೋಗಿ ಕೂತಿತು.

"ಮರದ ಕಡೆ! ಲೇ, ಎಲ್ಲರೂ ಮರದ ಕಡೆ! ಎಲ್ಲರೂ ಯಾಕೋ ಬಂದ್ರಿ, ಅರ್ಧ ಜನ ಅಲ್ಲೇ ಇರ್ರೋ!"

ಕೋತಿ ಬಾಲ ಎತ್ತಿದರೆ ಒಂದು ಅಪ್ಪಣೆ, ಇಳಿಸಿದರೆ ಇನ್ನೊಂದು. ಇಬ್ಬರು ಡಿಕ್ಕಿ ಹೊಡೆದು ಬಿದ್ದರು. ಈ ಗಲಾಟೆಯ ಮಧ್ಯೆ ಗುರುಗಳು ಹೆಗಲಿಗೆ ಬುಟ್ಟಿ ಏರಿಸಿಕೊಂಡು ಅಡುಗೆಮನೆಗೂ ಹೊಳೆಗೂ ಓಡಾಡಿಕೊಂಡಿದ್ದರು. ಎದುರು ಬಂದಾಗಲೆಲ್ಲ ಪಂಚಾಕ್ಷರಿ ಪಕ್ಕಕ್ಕೆ ಸರಿದು ಕೈಮುಗಿದ. ಎಷ್ಟಾದರೂ ಗುರುಗಳು.

ಬಿಸಿಲು ಇಳಿಯುವ ಹೊತ್ತಿಗೆ ಕೋತಿ ಹೋಯಿತು. ತಿರುಗಿ ನೋಡಿದರೆ ಚಾಪೆ ಬೋಳು.

"ಅಯ್ಯೋ ಬುದ್ಧೀ, ಹಪ್ಪಳವೆಲ್ಲ ಹಾಳಾಗಿ ಹೋಯ್ತು! ಹಾಳು ಕೋತಿ!" ಪಂಚಾಕ್ಷರಿಗೆ ಅಳುವೇ ಬಂತು. ಕೊಪ್ಪರಿಗೆಯ ಜೊತೆಗೆ ಈಗ ಈ ಅವಮಾನ ಬೇರೆ.

"ಆ ಕೋತಿ ಏನೇನು ಪಟ್ಟು ಹಾಕಿತು?" ಗುರುಗಳು ಕೇಳಿದರು.

ಪಂಚಾಕ್ಷರಿ ಯೋಚಿಸಿದ. "ಕಂಕುಳು ಕೆರ್ಕೊಂತು."

"ಆಮೇಲೆ?"

"ಆಕಳಿಸಿತು."

"ಹೊಸಬನನ್ನ ನೋಡಿದೆಯಾ?"

ಪಂಚಾಕ್ಷರಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಆಮೇಲೆ ತನ್ನ ಕೈಯ ಕೋಲು ನೋಡಿಕೊಂಡು ನಾಚಿ ಅದನ್ನು ಬೆನ್ನ ಹಿಂದೆ ಅಡಗಿಸಿದ.

ಆಟದ ದಿನ ಬಂತು. ಪಂಚಾಕ್ಷರಿ "ಕಬಡ್ಡಿ ಕಬಡ್ಡಿ" ಅನ್ನುತ್ತ ಆ ಕಡೆಯವರ ಅಂಗಳಕ್ಕೆ ಹೋದ. ನೀರಿನ ಕಡೆಯ ಮೂಲೆಯಲ್ಲಿ ನಿಂತ. ಕಂಕುಳು ಕೆರೆದುಕೊಂಡು ವಾಪಸ್ ಬಂದ.

ಮತ್ತೆ ಸರದಿ ಬಂದಾಗ ಅದೇ ಮೂಲೆ, ಅದೇ ಕೆರೆತ.

"ಇವನಿಗೇನು ತುರಿಕಜ್ಜಿನಾ?" ಅಂತ ಅವನ ತಂಡದವರೇ ಹಲ್ಲು ಕಡಿದರು. ಪಂಚಾಕ್ಷರಿಯ ಕಾಲು ಹಾರಲು ಚಡಪಡಿಸುತ್ತಿತ್ತು. ಗುರುಗಳ ಕಡೆ ನೋಡಿದ. ಅವರು ಮರದ ಬುಡದಲ್ಲಿ ಕೂತು ತೂಕಡಿಸುತ್ತಿದ್ದರು.

ಗೆರೆಯ ಹೊರಗೆ ಸಿದ್ಧವೀರನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಹೊಸಬ ತಾನು, ಎಲ್ಲರೂ ನೋಡುತ್ತಿದ್ದಾರೆ, ಸುಮ್ಮನಿದ್ದರೆ ಹೆಂಗೆ? ಇದರಲ್ಲಿ ಏನೋ ಮಸಲತ್ತು ಇದೆ ಅನ್ನಿಸಿತು.

"ನೀರಿನ ಕಡೆ ಸೇರ್ರೋ! ಕೈ ಹಿಡ್ಕೊಳ್ಳಿ! ಬೇಡ, ಬಿಡಿ! ನೀನು ಹಿಂದೆ ಹೋಗು, ನೀನಲ್ಲ, ಅವನು!"

ನಿಜಗುಣಯ್ಯ ವರ್ಷಗಟ್ಟಲೆ ಕಟ್ಟಿದ ಕೋಟೆ ಅದು. ಪಂಚಾಕ್ಷರಿ ಬೆರಳೂ ತಾಗಿಸದೆ ಅದು ಬಿಚ್ಚಿಕೊಂಡಿತು. ಒಬ್ಬರ ಕಾಲು ಒಬ್ಬರು ತುಳಿದರು. ಯಾರು ಎಲ್ಲಿ ನಿಲ್ಲಬೇಕು ಅಂತ ಅವರವರೇ ಜಗಳಕ್ಕೆ ನಿಂತರು. ಪಂಚಾಕ್ಷರಿ ಆಕಳಿಸುತ್ತ ಮರದ ಕಡೆ ನಡೆದು, ಬೆನ್ನು ತಿರುಗಿಸಿ ಬೈದಾಡುತ್ತಿದ್ದವರ ಹೆಗಲು ತಟ್ಟಿ, ನಡೆದುಕೊಂಡೇ ಗೆರೆ ದಾಟಿ ತನ್ನ ಕಡೆಗೆ ಬಂದ. ಮತ್ತೆ ಹೋದ, ಮತ್ತೆ ತಟ್ಟಿದ.

ಗೆದ್ದರು ಮಾರಾಯರೇ! ಹುಡುಗರು ಪಂಚಾಕ್ಷರಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಊಟಕ್ಕೆ ಕೂತಾಗ ಸಿದ್ಧವೀರ ಬಡಿಸಲು ಬಂದ. ಕಣ್ಣು ಕೆಂಪಾಗಿತ್ತು. ಪಂಚಾಕ್ಷರಿಗೆ ಕರುಳು ಚುರುಕ್ ಅಂತು.

"ಅಳಬೇಡ ಮಾರಾಯ," ಅಂದ. "ನಿನ್ನ ಹಾಗೇ ನಾನೂ ಮೊನ್ನೆ ಒಂದು ಕೋತಿಗೆ ಹೆದರಿ ಹಪ್ಪಳವೆಲ್ಲ ಕಳೆದೆ. ಕೊಪ್ಪರಿಗೆಗೆ ಮೊದಲು ಬೂದಿ ನೀರು ಹಾಕಿ ನೆನೆಸು. ಬಲಗಡೆ ಒಂದು ತಗ್ಗಿದೆ, ಅಲ್ಲಿ ಹುಷಾರು."

ಸಿದ್ಧವೀರ ಮೂಗು ಒರೆಸಿಕೊಂಡು ಅವನ ಎಲೆಗೆ ಎರಡು ಹಪ್ಪಳ ಹಾಕಿದ.

ಪಂಚಾಕ್ಷರಿ ಹಪ್ಪಳ ನೋಡಿದ. ಮುರಿದು ನಾಲಿಗೆಗೆ ಇಟ್ಟ. ಕಣ್ಣಲ್ಲಿ ನೀರು ಬಂತು. ಅನುಮಾನವೇ ಇಲ್ಲ, ಅದೇ ಹಪ್ಪಳ.

"ಬುದ್ಧೀ! ಇವನ್ನೆಲ್ಲ ಕೋತಿ ತಿಂದಿತ್ತಲ್ಲ?"

"ತಿಂದದ್ದು ನೋಡಿದೆಯಾ?"

ಪಂಚಾಕ್ಷರಿ ಹಪ್ಪಳವನ್ನು ಎಲೆಗೆ ಇಳಿಸಿದ. "ಬುಟ್ಟಿ... ಆ ಬುಟ್ಟಿಯಲ್ಲಿ ನೀವು..."

"ನಿನ್ನ ಎದುರಿಗೇ ಹೊತ್ತುಕೊಂಡು ಹೋದೆ. ಪಾಪ, ಪ್ರತಿ ಸಲವೂ ದಾರಿ ಬಿಟ್ಟು ಕೈಮುಗಿದೆ."

ಸಾಲಿಗೆ ಸಾಲೇ ನಕ್ಕಿತು. ಸಿದ್ಧವೀರನೂ ನಕ್ಕ. ಪಂಚಾಕ್ಷರಿಯ ಕಿವಿ ಕೆಂಪಾದವು. ಆದರೂ ಒಂದು ಮಾತು ಅವನಿಗೆ ಬಗೆಹರಿಯಲಿಲ್ಲ.

"ಹಂಗಾದ್ರೆ ಆ ಕೋತಿ ಯಾತಕ್ಕೆ ಬಂದಿತ್ತು ಬುದ್ಧೀ?"

ಗುರುಗಳು ನಿಧಾನವಾಗಿ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರು.

"ಸುಮ್ಮನೆ ಕೂರೋಕೆ ಬಂದಿತ್ತಪ್ಪ. ಅದಕ್ಕೆ ಖಾರ ಆಗೋದಿಲ್ಲ."