ಎರಡು ಗೆರೆ ವಿಭೂತಿ

ಕಪಿಲೆಯ ದಂಡೆಯಲ್ಲಿ ಒಂದು ಸಣ್ಣ ಮಠ. ವಯಸ್ಸಾದ ಗುರುಗಳು ಒಬ್ಬರು, ಶಿಷ್ಯ ಒಬ್ಬ, ಹಳೇ ವ್ಯಾನು ಒಂದು. ಅಲ್ಲಿನ ಸಂಸಾರ ಇಷ್ಟೇ.

ವ್ಯಾನು ಗುರುಗಳು ಮೆರೆಯುವುದಕ್ಕೆ ಅಂತ ಇದ್ದದ್ದಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಏನಾದರೂ, ಹೆರಿಗೆಯೋ ಜ್ವರವೋ, ಮಠಕ್ಕೆ ಓಡಿ ಬರುತ್ತಿದ್ದರು. ಶಿಷ್ಯ ಮರಿದೇವ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಡುತ್ತಿದ್ದ.

ಮರಿದೇವ ಮಠ ಸೇರುವ ಮುಂಚೆ ಪೇಟೆಯಲ್ಲಿ ಮೋಟರ್ ರಿಪೇರಿ ಮಾಡಿಕೊಂಡಿದ್ದವನು. ಭಕ್ತರೊಬ್ಬರು ವ್ಯಾನಿನ ಶೆಡ್ಡಿಗೆ ಕರೆಂಟಿನ ಶಟರ್ ಹಾಕಿಸಿಕೊಟ್ಟಾಗ ಅವನಿಗಾದ ಖುಷಿ ಅಷ್ಟಿಷ್ಟಲ್ಲ. ಬಾಗಿಲ ನೆತ್ತಿಯಲ್ಲಿ ಹುಣಸೆಬೀಜದಷ್ಟು ಒಂದು ಗಾಜಿನ ಕಣ್ಣು. ಅದರ ಕಡೆ ರಿಮೋಟು ಹಿಡಿದು ಒತ್ತಿದರೆ ಬಾಗಿಲು ಗರಗರ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು.

ಆಯುಧಪೂಜೆ ಬಂತು. ಮರಿದೇವ ವ್ಯಾನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಪೂಜೆ ಮುಗಿದ ಮೇಲೆ ಒಳಗೆ ನಿಲ್ಲಿಸಿ ಬಾಗಿಲು ಇಳಿಸಿದ. ಬಾಗಿಲು ಪಾಪ ಏನು ಮಾಡಿತ್ತು, ಅದಕ್ಕೂ ಪೂಜೆ ಆಗಲಿ ಅಂದರು ಗುರುಗಳು.

ವಿಭೂತಿ ಕುಂಕುಮ ಹಿಡಿದು ಅವರು ಸ್ಟೂಲು ಹತ್ತಿದರು. ಮರಿದೇವ ಸ್ಟೂಲಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡ. ಗುರುಗಳ ಪಾದ ಅವನ ಮುಖದ ಮುಂದೆಯೇ ಇತ್ತು. ಇದಕ್ಕಿಂತ ಭಾಗ್ಯ ಏನು ಬೇಕು ಅಂತ ಪಾದವನ್ನೇ ನೋಡುತ್ತ ನಿಂತ. ಮೇಲೆ ಏನು ನಡೆಯುತ್ತಿದೆ ಅಂತ ಕತ್ತೆತ್ತಿ ನೋಡಲಿಲ್ಲ.

ಗುರುಗಳ ಬಲಗೈಗೆ ಉಂಗುರದ ಬೆರಳಿರಲಿಲ್ಲ. ಹುಡುಗರಾಗಿದ್ದಾಗ ಆಲೆಮನೆಯ ಗಾಣಕ್ಕೆ ಸಿಕ್ಕಿ ಹೋಗಿತ್ತು. ಹಾಗಾಗಿ ಅವರು ವಿಭೂತಿ ಹಚ್ಚಿದರೆ ಮೂರು ಗೆರೆ ಬರುತ್ತಿರಲಿಲ್ಲ, ಎರಡೇ. ಎರಡು ಗೆರೆ ಕಂಡರೆ ಗುರುಗಳ ಕೈ ಬಿದ್ದಿದೆ ಅಂತ ಊರಿಗೆಲ್ಲ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಹರಿಗೋಲಿನ ಚಿಕ್ಕಬೋರ ಹೆಂಡತಿ ದುಂಡಮ್ಮನನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿ ಬಂದ. ದಂಡೆಯಲ್ಲಿ ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಹಾವು ಕಚ್ಚಿತ್ತು. ಅವಳಿಗೆ ಇನ್ನೂ ಮಾತಿತ್ತು. ಸೊಸೆಗೆ ಹೇಳಿ, ಒಲೆ ಮೇಲೆ ಹುರುಳಿ ಇಟ್ಟು ಬಂದಿದ್ದೀನಿ ಅಂದಳು.

ಮರಿದೇವ ರಿಮೋಟು ಒತ್ತಿದ. ಬಾಗಿಲು ಅಲ್ಲಾಡಲಿಲ್ಲ.

ಮತ್ತೆ ಒತ್ತಿದ. ಬ್ಯಾಟರಿ ಬದಲಾಯಿಸಿ ಒತ್ತಿದ. ಕರೆಂಟು ಇದೆಯಾ ನೋಡಿದ, ಇತ್ತು. ಹತ್ತಿರ ಹೋಗಿ ಒತ್ತಿದ, ದೂರ ನಿಂತು ಒತ್ತಿದ. ಬಾಗಿಲ ನೆತ್ತಿಯ ಮೇಲಿನ ವಿಭೂತಿಗೆ ಕೈಮುಗಿದು, ಅಪ್ಪಾ ತೆಗಿ ಅಂತ ಬೇಡಿಕೊಂಡು ಒತ್ತಿದ. ಪಕ್ಕದಲ್ಲಿ ಗುರುಗಳು ದುಂಡಮ್ಮನ ಕೈ ಹಿಡಿದು ಕೂತು, ಒತ್ತು ಮರಿ, ಇನ್ನೊಂದು ಸಲ ಒತ್ತು ಅನ್ನುತ್ತಿದ್ದರು.

ಶೆಡ್ಡು ಕಲ್ಲಿನದು, ಬೇರೆ ಬಾಗಿಲಿಲ್ಲ. ಹಾರೆ ಹಾಕಿ ಮೀಟಿದರು, ತಗಡು ಬಗ್ಗಿತೇ ಹೊರತು ಬಿಡಲಿಲ್ಲ. ಕೊನೆಗೆ ರಸ್ತೆಯಲ್ಲಿ ಇಟ್ಟಿಗೆ ಲಾರಿಯೊಂದು ಬಂತು. ಅಷ್ಟು ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು.

ಒಂದರ್ಧ ಗಂಟೆ ಮುಂಚೆ ಬಂದಿದ್ದರೆ ಅಂದರು ಡಾಕ್ಟರು. ಆ ಮಾತು ಮರಿದೇವನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತು.

ಮಣ್ಣು ಮಾಡಿ ಬಂದ ಸಂಜೆ ಅವನು ರಿಮೋಟನ್ನು ಗುರುಗಳ ಮುಂದಿಟ್ಟ.

"ಅಪ್ಪಣೆ ಕೊಡಿ ಬುದ್ಧಿ, ಹೋಗ್ತೀನಿ. ಮೋಟರ್ ಕೆಲಸ ಗೊತ್ತಿದ್ದವನು ನಾನು. ನನ್ನಿಂದ ಒಂದು ಜೀವ ಹೋಯ್ತು."

"ನಿನ್ನಿಂದ ಅಂತ ಯಾರು ಹೇಳಿದರು? ಬಾಗಿಲು ಹೇಳ್ತಾ?"

ಗುರುಗಳು ರಿಮೋಟನ್ನು ತಿರುಗಿ ಅವನ ಕಡೆಗೇ ತಳ್ಳಿದರು.

"ಅದು ಯಾಕೆ ತೆಗೀಲಿಲ್ಲ ಅಂತ ಮೊದಲು ತಿಳ್ಕೊ," ಅಂದರು ಗುರುಗಳು. "ಯಾರ ಕೈ ತಪ್ಪೋ, ಅವರು ಚಿಕ್ಕಬೋರನ ಮನೆಗೆ ಹೋಗಿ ಅವನ ಎದುರು ನಿಂತು ಹೇಳಬೇಕು. ಹೇಳಿದ ಮೇಲೆ ಈ ಮಠಕ್ಕೆ ತಿರುಗಿ ಬರೋ ಹಾಗಿಲ್ಲ. ಯಾರಾದರೂ ಸರಿ."

ಮರಿದೇವ ಹುಡುಕಲು ಶುರುಮಾಡಿದ. ಬಗ್ಗಿದ್ದ ತಗಡನ್ನು ತಟ್ಟಿ ನೆಟ್ಟಗೆ ಮಾಡಿ, ಹೆಂಚು ತೆಗೆದು ಶೆಡ್ಡಿನೊಳಗೆ ಇಳಿದ. ಒಳಗಿನ ಸ್ವಿಚ್ಚು ಒತ್ತಿದರೆ ಬಾಗಿಲು ಏನೂ ಆಗಿಲ್ಲದ ಹಾಗೆ ಮೇಲೆ ಹೋಯಿತು. ಅವತ್ತಿನ ಗಾಬರಿಯಲ್ಲಿ ಹೆಂಚಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಹೊರಗೆ ಬಂದು ರಿಮೋಟು ಒತ್ತಿದರೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಪೇಟೆಯಿಂದ ಹೊಸ ರಿಮೋಟು ತಂದ. ಊಹುಂ. ಪೆಟ್ಟಿಗೆ ಬಿಚ್ಚಿ ಒಂದೊಂದು ವೈರನ್ನೂ ಕಿತ್ತು ಮತ್ತೆ ಜೋಡಿಸಿದ. ಗಾಜಿನ ಕಣ್ಣಿನ ಹಿಂದಿನ ವೈರಿಗೆ ಟೆಸ್ಟರು ಹಿಡಿದು ನೋಡಿದ, ದೀಪ ಹತ್ತಿತು. ಮುಂದುಗಡೆ ಧೂಳು ಕೂತಿರಬಹುದು ಅಂತ ಸ್ಟೂಲು ಹಾಕಿಕೊಂಡು ಬಟ್ಟೆಯಲ್ಲಿ ಸುತ್ತಲೂ ಒರೆಸಿದ. ಗುರುಗಳು ಹಚ್ಚಿದ ವಿಭೂತಿಗೆ ಬಟ್ಟೆ ತಾಗದ ಹಾಗೆ ಎಚ್ಚರದಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಇಳಿದ.

ಚಿಕ್ಕಬೋರ ದಿನಾ ಬೆಳಿಗ್ಗೆ ಬರುತ್ತಿದ್ದ. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಶೆಡ್ಡಿನ ಎದುರು ಕುಕ್ಕರುಗಾಲಲ್ಲಿ ಕೂತು, ಗೊತ್ತಾಯ್ತಾ ಅಂತ ಕೇಳುತ್ತಿದ್ದ. ಇಲ್ಲ ಅಂದರೆ ಎದ್ದು ಹೋಗುತ್ತಿದ್ದ. ಒಂದೆರಡು ಏಟು ಹೊಡೆದಿದ್ದರೆ ಮರಿದೇವನಿಗೆ ಸಮಾಧಾನವಾಗುತ್ತಿತ್ತೋ ಏನೋ.

ಒಂಬತ್ತು ದಿನ ಕಳೆಯಿತು. ಮರಿದೇವನಿಗೆ ಊಟ ಸೇರಲಿಲ್ಲ. ಕಾರಣವೇ ಇಲ್ಲದೆ ಒಂದು ಬಾಗಿಲು ಮುಚ್ಚಿಕೊಂಡೇ ಇರುತ್ತೆ ಅಂದರೆ ಈ ಲೋಕದಲ್ಲಿ ಯಾವುದನ್ನು ನಂಬುವುದು? ಅವನಿಗೆ ಪೂಜೆ ಬೇಡವಾಯಿತು. ಗುರುಗಳ ಮಾತೂ ಬೇಡವಾಯಿತು.

ಹತ್ತನೇ ದಿನ ಬೆಳಿಗ್ಗೆ ಗಾಳಿ ಎದ್ದು, ಮಳೆ ಬಾಗಿಲಿಗೆ ಎರಚಿ ಹೊಡೆಯಿತು. ಕಾರಣ ಸಿಗದಿದ್ದರೂ ಸರಿ, ತಪ್ಪು ನನ್ನದೇ ಅಂತ ಚಿಕ್ಕಬೋರನಿಗೆ ಹೇಳಿ ಹೊರಟುಹೋಗೋಣ ಅಂತ ಮರಿದೇವ ಬಟ್ಟೆ ಗಂಟು ಕಟ್ಟಿದ. ಹೊರಡುವಾಗ ಶೆಡ್ಡಿನ ಮುಂದೆ ನಿಂತು ಸುಮ್ಮನೆ, ಅಭ್ಯಾಸಬಲಕ್ಕೆ, ರಿಮೋಟು ಒತ್ತಿದ.

ಬಾಗಿಲು ಗರಗರ ಅಂತ ಮೇಲೆ ಹೋಯಿತು.

ಒಳಗೆ ವ್ಯಾನು, ಅದರ ಮೂತಿಗೆ ಒಣಗಿದ ಚೆಂಡುಹೂವಿನ ಹಾರ. ಮರಿದೇವ ಕತ್ತೆತ್ತಿದ. ಬಾಗಿಲ ನೆತ್ತಿಯಿಂದ ಬಿಳಿ ನೀರು ಇಳಿಯುತ್ತಿತ್ತು, ಅದರ ಜೊತೆ ಕುಂಕುಮದ ಕೆಂಪು. ಅರ್ಧ ತೊಳೆದುಹೋದ ಗಾಜಿನ ಕಣ್ಣು ಆಗಷ್ಟೇ ತೆರೆದಿತ್ತು. ಉಳಿದರ್ಧದ ಮೇಲೆ ಎರಡು ಗೆರೆ.

ಆ ಗೆರೆಗೆ ಅವನು ಎಷ್ಟು ಸಲ ಕೈಮುಗಿದಿದ್ದ! ದುಂಡಮ್ಮ ನೆಲದ ಮೇಲೆ ನರಳುತ್ತಿದ್ದಾಗಲೂ ಮುಗಿದಿದ್ದ. ಅಲ್ಲಾ, ಒಂದು ಬೆರಳು ಇಟ್ಟು ಒರೆಸಿದ್ದರೆ ಮುಗಿದುಹೋಗುತ್ತಿತ್ತು.

ಯಾರ ಕೈ ತಪ್ಪೋ ಅವರು ಅಂತ ಗುರುಗಳು ಹೇಳಿದ್ದು ನೆನಪಾಯಿತು. ಸ್ಟೂಲು ಎಳೆದುಕೊಂಡು ಹತ್ತಿದ. ಹೆಗಲ ಮೇಲಿನ ವಸ್ತ್ರ ತೆಗೆದು ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದ. ಒಂದು ಚೂರೂ ಉಳಿಸಲಿಲ್ಲ.

ಇಳಿಯುವಷ್ಟರಲ್ಲಿ ಚಿಕ್ಕಬೋರ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದ. ತೆರೆದ ಬಾಗಿಲನ್ನು ನೋಡಿ ನಿಂತುಬಿಟ್ಟ.

ಮಳೆಗೆ ಅದೇ ತೆರೆದುಕೊಂಡಿತು, ಕಾರಣ ಗೊತ್ತಾಗಲಿಲ್ಲ ಅಂದ ಮರಿದೇವ. ಅವನು ಮಠಕ್ಕೆ ಬಂದ ಮೇಲೆ ಆಡಿದ ಮೊದಲ ಸುಳ್ಳು ಅದು.

ಚಿಕ್ಕಬೋರ ಒಳಗೆ ಹೋಗಿ ವ್ಯಾನನ್ನು ಮುಟ್ಟಿ ನೋಡಿದ.

"ಏನಾದರೂ ಒಂದು ಹೇಳಿ ಸ್ವಾಮಿ," ಅಂದ. "ಸುಮ್ಮನೆ ಹೋದಳು ಅಂದರೆ ನಾನು ಹೆಂಗೆ ತಡ್ಕೊಳ್ಳಲಿ?"

ಮರಿದೇವ ವಸ್ತ್ರವನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಚಿಕ್ಕಬೋರ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಬಗ್ಗಿದ ಅವನ ಬೆನ್ನು ನೋಡಿ ಮರಿದೇವನಿಗೆ ಅಳು ಒತ್ತರಿಸಿಕೊಂಡು ಬಂತು.

ಮಳೆ ನಿಂತಿತ್ತು. ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮರಿದೇವ ವಸ್ತ್ರವನ್ನು ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಅವರನ್ನು ದಾಟಿ ನೀರಿಗೆ ಇಳಿದ.

"ಬಾಗಿಲ ಸದ್ದು ಕೇಳಿಸ್ತು," ಅಂದರು ಗುರುಗಳು. "ಗೊತ್ತಾಯ್ತಾ?"

"ಇಲ್ಲ ಬುದ್ಧಿ. ಅದೇ ತೆಗೀತು."

"ಚಿಕ್ಕಬೋರನಿಗೂ ಹಾಗೇ ಹೇಳಿದೆಯಾ?"

"ಹೂಂ."

"ಏನಂದ?"

ಮರಿದೇವ ಬಗ್ಗಿ ವಸ್ತ್ರವನ್ನು ನೀರಿಗೆ ಹಾಕುವುದಕ್ಕೆ ಬಿಡಿಸಿದ. ಕಾವಿಯ ಮೇಲೆ ಬೆಳ್ಳಗೆ ವಿಭೂತಿ ಮೆತ್ತಿಕೊಂಡಿತ್ತು, ಅದರ ನಡುವೆ ಕುಂಕುಮ.

ಗುರುಗಳು ಅದನ್ನು ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತರು. ಮರಿದೇವ ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ.

"ನೀವು ಬೇಕು ಅಂತ ಮಾಡಿದ್ದಲ್ಲ ಬುದ್ಧಿ," ಅಂದ ಮರಿದೇವ.

"ಹಾವೂ ಬೇಕು ಅಂತ ಕಚ್ಚಲಿಲ್ಲ."

"ಯಾರಿಗೂ ಗೊತ್ತಿಲ್ಲ. ನಾನು ಸಾಯೋವರೆಗೂ ಬಾಯಿ ಬಿಡಲ್ಲ. ನೀವಿಲ್ಲದೆ ನಾನಿಲ್ಲಿ ಏನು ಮಾಡಲಿ?"

ಗುರುಗಳು ಕೋಲು ಊರಿ ಮೆಲ್ಲಗೆ ಎದ್ದರು. ಮರಿದೇವ ವಸ್ತ್ರವನ್ನು ನೀರಿಗೆ ಅದ್ದಲು ಬಗ್ಗಿದ. ಗುರುಗಳು ನಾಲ್ಕು ಬೆರಳಿನ ಕೈ ಮುಂದಕ್ಕೆ ಚಾಚಿದರು.

"ಒಗೀಬೇಡ ಮರಿ, ಇಲ್ಲಿ ಕೊಡು. ಚಿಕ್ಕಬೋರನಿಗೆ ತೋರಿಸಬೇಕು. ನಾನು ಹೊರಟೆ, ನೀನು ಬಾಗಿಲು ಹಾಕ್ಕೊ."