ಹ್ಞೂಂಗುಡ್ಡಕ್ಕೆ ಆ ಹೆಸರು ಬಂದದ್ದು

ಕೇದಾರಕ್ಕೆ ಹೋಗುವ ಹಳೆಯ ಕಾಲುದಾರಿಯಲ್ಲಿ ನಮ್ಮ ಕನ್ನಡದವರ ಛತ್ರ ದಾಟಿದ ಕೂಡಲೇ ಎಡಕ್ಕೆ ಬೋಳಾಗಿ ಕಾಣುವುದೇ ಹ್ಞೂಂಗುಡ್ಡ. ಅಕ್ಕಪಕ್ಕದ ಗುಡ್ಡಗಳಲ್ಲಿ ದೇವದಾರು ಒತ್ತಾಗಿ ನಿಂತಿದ್ದರೂ ಇದರ ಮೇಲೆ ಒಂದು ಪೊದೆಯೂ ಇಲ್ಲ. ವರ್ಷವರ್ಷ ಹಿಮ ಜಾರಿ ಎಲ್ಲವನ್ನೂ ಕೆರೆದುಕೊಂಡು ಹೋಗುತ್ತದೆ. ಬುಡದಲ್ಲಿ ಒಂದು ಗದ್ದುಗೆ, ಎರಡು ಚಪ್ಪಟೆ ಕಲ್ಲು, ಒಂದು ಫಲಕ. 'ಶರಣ ಗುರುಪಾದಪ್ಪನವರು ಅಪ್ಪಣೆ ಕೇಳಲು ಗುಡ್ಡವೇ ಹ್ಞೂಂ ಎಂದು ಕರೆದುಕೊಂಡಿತು' ಎಂದು ಅದರ ಮೇಲಿದೆ. ಬರೆಸಿದವರು ನಮ್ಮ ಛತ್ರದ ಗಂಡಸರು. ಸೊಸೆಯಾಗಿ ಬಂದ ದಿನದಿಂದ ಅದನ್ನು ಓದಿ ಓದಿ ನನ್ನ ಮೈ ಉರಿದುಹೋಗಿದೆ. ಕರೆದುಕೊಂಡಿತಂತೆ!

ಹಿಂದೆ ಒಮ್ಮೆ, ಇಲ್ಲಿಗೆ ರಸ್ತೆಯೇ ಇಲ್ಲದ ಕಾಲದಲ್ಲಿ, ಸವಣೂರಿನ ಕಡೆಯಿಂದ ಗುರುಪಾದಪ್ಪನೆಂಬ ಸಿರಿವಂತ ಯಾತ್ರೆಗೆ ಬಂದ. ಜೊತೆಗೆ ಹೆಂಡತಿ ನೀಲವ್ವ. ಅಡುಗೆಯವಳೆಂದು ಹೇಳಿ ಕರೆತಂದ ಚಂದ್ರವ್ವ. ಎಂಥ ಅಡುಗೆಯವಳೆಂದರೆ, ಹೊಟ್ಟೆಯಲ್ಲಿ ಐದು ತಿಂಗಳು. ಒಲೆ ಊದುತ್ತಿದ್ದವಳು ನೀಲವ್ವ. ದಂಪತಿ ಪೂಜೆಗೆ ಚಂದ್ರವ್ವನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು, ಹೆಂಡತಿಗಿಂತ ಮುಂಚೆ ಗುಡಿ ಮುಟ್ಟುವ ಆತುರ ಅವನಿಗೆ. ಅವಳನ್ನು ಕರೆದುಕೊಂಡು ಮುಂದೆ ಮುಂದೆ ನಡೆದ. ಈ ಗುಡ್ಡದ ಅಂಚಿಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಹಳೆಯ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಾಗಿತ್ತು; ಅದರ ಮೇಲೆ ಮೂರು ದಿನದ ಹೊಸ ಹಿಮ, ಎಣ್ಣೆ ಸವರಿದ ಹಂಚಿನ ಮೇಲೆ ಹಿಟ್ಟು ಸುರಿದಂತೆ, ಹಿಡಿತವಿಲ್ಲದೆ ಕೂತಿತ್ತು. ಇಂಥಲ್ಲಿ ಬಿಸಿಲು ತಾಗುವ ಮೊದಲೇ ಒಬ್ಬೊಬ್ಬರಾಗಿ ದಾಟಬೇಕು. ದಾರಿ ತೋರಿಸಲು ಬಂದಿದ್ದ ಇಲ್ಲಿನ ಪಹಾಡಿ ಜನರ ಚೈತು ಎಂಬವನು ಕೋಲು ಚುಚ್ಚಿ ನೋಡಿ, ಮೇಲಕ್ಕೆ ಕೈ ಮಾಡಿ, "ಹ್ಯೂಂ! ಹ್ಯೂಂ!" ಎಂದು ಅರಚಿದ. ಅವರ ಮಾತಿನಲ್ಲಿ ಹಾಗೆಂದರೆ ಹಿಮ. ನಮ್ಮ ಗುರುಪಾದಪ್ಪನ ಕಿವಿಗೆ ಅದು ಹ್ಞೂಂ.

"ನೋಡಿದ್ಯಾ, ಹ್ಞೂಂ ಅಂದ. ನಡಿ," ಎಂದು ಹೆಜ್ಜೆ ಹಾಕಿಯೇಬಿಟ್ಟ. ದಾರಿಯಲ್ಲಿ ತಂಗಿದ್ದಾಗ ಚೈತುವಿನ ತಾಯಿಯ ಒಲೆಯ ಮುಂದೆ ನಾಲ್ಕು ದಿನ ಕೂತು ನಾಲ್ಕು ಮಾತು ಕಲಿತಿದ್ದ ನೀಲವ್ವ ಹಿಂದಿನಿಂದ ಓಡಿಬಂದಳು. "ಏನ್ರೀ, ನಿಂದರ್ರೀ! ಹಾಂಗಂದ್ರ ಹಿಮ ರೀ!"

"ಹೊಟ್ಟಿಕಿಚ್ಚಿಗೆ ಹೊಸ ಭಾಷಾನೂ ಹುಟ್ಟಿಸ್ಯಾಳ ನೋಡು," ಎಂದು ಅವನು ನಕ್ಕ. ಚಂದ್ರವ್ವ ಮಾತ್ರ ನಿಂತಳು. "ಅಕ್ಕಾ, ಖರೇನಽ?"

"ನಿನ್ನ ಬೈಯೂದು ಇನ್ನೂ ಭಾಳ ಅದ, ಮೊದ್ಲ ಹೊಳ್ಳಿ ಬಾ!"

ಅವಳು ಹೊಳ್ಳಿ ಬಂದಳು. ಅವನು ಇನ್ನೂ ಹತ್ತು ಹೆಜ್ಜೆ ಹೋಗಿರಬಹುದು. ಕಾಲಡಿಯ ಹಿಮ ಒಳಗೊಳಗೇ ಕುಸಿದು, ಗುಡ್ಡದ ಹೊಟ್ಟೆಯಿಂದ 'ಹ್ಞೂಂ' ಎಂದು ಒಂದು ಸದ್ದು ಬಂತು ಎನ್ನುತ್ತಾರೆ. ಆಮೇಲೆ ಗುಡ್ಡದ ಮೈಮೇಲಿನ ಹಿಮವೆಲ್ಲ ಕಳಚಿ ಬಿತ್ತು. ಅವನ ಪೇಟ ಸಿಕ್ಕಿದ್ದು ಜ್ಯೇಷ್ಠದಲ್ಲಿ. ಅಲ್ಲಿಯವರೆಗೂ ಇಬ್ಬರೂ ಆ ಎರಡು ಕಲ್ಲಿನ ಮೇಲೆ ಕೂತು ಕಾದರು. ಒಬ್ಬಳು ಬೈದಳು, ಇನ್ನೊಬ್ಬಳು ಬೈಸಿಕೊಂಡಳು. ಹೆರಿಗೆ ಮಾಡಿಸಿದವಳೂ ನೀಲವ್ವನೇ. ಊರಿಗೆ ಹೋಗಲು ಮುಖವಿಲ್ಲದೆ ಇಬ್ಬರೂ ಸೇರಿ ಈ ಛತ್ರ ಕಟ್ಟಿದರು. ಹಾಗಾದರೆ ನಮ್ಮ ಮನೆಯ ಗಂಡಸರೆಲ್ಲ ಯಾರ ಹೊಟ್ಟೆಯ ಸಂತಾನ? ಕೇಳಿ ನೋಡಿ, ಸೂರು ನೋಡುತ್ತಾರೆ. ಹೆಂಗಸು ಕೂಗಿದ್ದಕ್ಕೇ ಹಿಮ ಬಿತ್ತು ಎಂದೂ ಹೇಳುತ್ತಾರೆ. ಕಾಲಿಟ್ಟವನು ಶರಣ, ಕೂಗಿದವಳು ಪಾಪಿ!

ಈಗ ಬರುವವರು ಆ ಎರಡು ಕಲ್ಲಿನ ಮೇಲೆ ಚೀಲ ಇಳಿಸಿ, ಫಲಕ ಓದಿ, ಹರಕೆ ಹೇಳಿಕೊಂಡು ಗುಡ್ಡ ಹ್ಞೂಂ ಅನ್ನಲೆಂದು ಕಾಯುತ್ತಾರೆ. ನಾನು ಬಿಡುವುದಿಲ್ಲ. ಹಿಡಿದು ಕೂರಿಸಿ ಇಷ್ಟನ್ನೂ ಹೇಳಿ, "ಹೊತ್ತೇರಿದ ಮ್ಯಾಲ ಆ ಕಡೆ ಕಾಲಿಡಬ್ಯಾಡ್ರಿ, ತಿಳೀತಿಲ್ಲೋ?" ಎಂದು ಕೇಳುತ್ತೇನೆ. "ಹ್ಞೂಂ, ಅಜ್ಜಿ," ಎಂದು ತಲೆಯಾಡಿಸಿ, ಚೀಲ ಬೆನ್ನಿಗೇರಿಸಿ, ಅದೇ ಕಡೆ ನಡೆಯುತ್ತಾರೆ.